ಸಾವಿರದೈನೂರು ರೂಪಾಯಿಯ ಕೇಸು

"ಕೋರ್ಟಿಗೆ ಬಂದು ತಪ್ಪಾಯ್ತು ಅಂತ ಒಂದು ಮಾತು ಹೇಳಿ ಸಾರ್, ಸಾವಿರದೈನೂರು ಕಟ್ಟಿ ಹೋಗ್ತಾ ಇರಿ. ಮಧ್ಯಾಹ್ನದೊಳಗೆ ಆಫೀಸಲ್ಲಿರ್ತೀರಿ." ಟ್ರಾಫಿಕ್ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಇದನ್ನು ಹೇಳಿದ್ದು ನನ್ನ ಮೇಲಿನ ಕಾಳಜಿಯಿಂದಲೇ. ದಿನಕ್ಕೆ ಹತ್ತಾರು ಜನರಿಗೆ ಹೇಳಿ ಹೇಳಿ ಅವರಿಗದು ಬಾಯಿಪಾಠವಾಗಿತ್ತು.

2019ರ ಮಳೆಗಾಲ. ಮೈಸೂರಿನ ರಿಂಗ್ ರೋಡಿನಲ್ಲಿ ಸರ್ವಿಸ್ ರಸ್ತೆಯಿಂದ ರಾಂಗ್ ಸೈಡಿನಲ್ಲಿ ನುಗ್ಗಿದ ಬೈಕೊಂದು ನನ್ನ ಕಾರಿನ ಎಡಗಡೆ ಹೆಡ್‌ಲೈಟಿಗೆ ಬಡಿಯಿತು. ಹುಡುಗನ ಮೊಣಕೈ, ಮೊಣಕಾಲು ಕಿತ್ತುಹೋಗಿದ್ದವು. ನಾನೇ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿಂದ ಠಾಣೆಗೆ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ಮಾಹಿತಿ) ಹೋಯಿತು. ಮಾರನೆಯ ದಿನ ಹುಡುಗನ ಮಾವ ದೂರು ಕೊಟ್ಟರು. ಎಫ್‌ಐಆರ್‌ನಲ್ಲಿ ನಾನು 'ಅತಿವೇಗ ಮತ್ತು ಅಜಾಗರೂಕತೆಯಿಂದ ಕಾರನ್ನು ಚಾಲನೆ ಮಾಡಿಕೊಂಡು ಬಂದು' ಡಿಕ್ಕಿ ಹೊಡೆಸಿದ್ದೆ. ಈ ಸಾಲಿಲ್ಲದ ಅಪಘಾತದ ಎಫ್‌ಐಆರನ್ನು ನಾನಂತೂ ಇನ್ನೂ ನೋಡಿಲ್ಲ. ಹಾಕಿದ ಸೆಕ್ಷನ್‌ಗಳು ಐಪಿಸಿ 279 ಮತ್ತು 337. ಮೊದಲನೆಯದಕ್ಕೆ ದಂಡ ಹೆಚ್ಚೆಂದರೆ 1,000 ರೂಪಾಯಿ, ಎರಡನೆಯದಕ್ಕೆ 500. ಜೊತೆಗೆ ಆರಾರು ತಿಂಗಳವರೆಗಿನ ಸಜೆಯೂ ಕಾನೂನಿನಲ್ಲಿದೆ. ಒಪ್ಪಿಕೊಂಡವರಿಗೆ ಸಾಮಾನ್ಯವಾಗಿ ದಂಡವಷ್ಟೇ ಆಗುವುದರಿಂದ ಆ ಮಾತನ್ನು ಯಾರೂ ಎತ್ತುವುದಿಲ್ಲ.

ನಾನು ಬ್ಯಾಂಕಿನ ನೌಕರ. ವಕೀಲರು ಮೊದಲು ಕೇಳಿದ್ದೇ ಅದನ್ನು. ಸಿಗ್ನಲ್ ಜಂಪ್ ಮಾಡಿದ್ದಕ್ಕೆ ಸ್ಥಳದಲ್ಲೇ ಕಟ್ಟುವ ದಂಡ ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ನಿನಡಿ ರಾಜಿಯಾಗಿ ಮುಗಿಯುತ್ತದೆ. 279 ಹಾಗಲ್ಲ. ಹುಡುಗನೂ ನಾನೂ ಕೈಕುಲುಕಿದರೂ ಅದು ರಾಜಿಯಾಗುವ ಅಪರಾಧವೇ ಅಲ್ಲ. ಅಲ್ಲಿ ಕಟ್ಟುವ ಸಾವಿರ ರೂಪಾಯಿ ಕ್ರಿಮಿನಲ್ ಕೋರ್ಟು ಕೊಟ್ಟ ಶಿಕ್ಷೆ. ನಾಳೆ ಬ್ಯಾಂಕು ಕೇಳಿದರೆ 'ಶಿಕ್ಷೆಯಾಗಿದೆ' ಎಂದೇ ಬರೆಯಬೇಕು. ಠಾಣೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ನನ್ನನ್ನು ನಿಜವಾಗಿ ಅಲುಗಾಡಿಸಿದ್ದು ಹುಡುಗನ ಮಾವನ ಮಾತು. "ನೀವು ಒಪ್ಕೊಂಡ್ರೆ ತಾನೇ ಇನ್ಶೂರೆನ್ಸಿಂದ ನಾಲ್ಕು ಕಾಸು ಬರೋದು? ನಿಮ್ಮ ಜೇಬಿಂದೇನೂ ಹೋಗಲ್ವಲ್ಲ." ಹುಡುಗ ಡೆಲಿವರಿ ಕೆಲಸದವನು, ವಾರಗಟ್ಟಲೆ ಮನೆಯಲ್ಲಿ ಕೂತಿದ್ದ. ರಾತ್ರಿಯಿಡೀ ಯೋಚಿಸಿ ಮತ್ತೆ ವಕೀಲರಲ್ಲಿಗೆ ಹೋದೆ. ಪರಿಹಾರದ ಅರ್ಜಿ ನಡೆಯುವುದು ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ, ಅಲ್ಲಿನ ತೂಕವೇ ಬೇರೆ ಎಂದರು. ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು. ನ್ಯಾಯಮಂಡಳಿಗೆ ಯಾವುದು ಹೆಚ್ಚು ಸಂಭವನೀಯ ಎಂಬುದಷ್ಟೇ ಸಾಕು. ನಾನು ಖುಲಾಸೆಯಾದರೂ ಅವನ ಅರ್ಜಿ ಬಿದ್ದುಹೋಗುವುದಿಲ್ಲ. ಆಮೇಲೆ ಆಗಿದ್ದೂ ಅದೇ. ನನ್ನ ತೀರ್ಪಿಗೆ ಎಷ್ಟೋ ಮುಂಚೆ ಲೋಕ ಅದಾಲತ್‌ನಲ್ಲಿ ವಿಮಾ ಕಂಪನಿಯೊಂದಿಗೆ ರಾಜಿಯಾಗಿ ಅವನಿಗೆ ಹಣ ಸಿಕ್ಕಿತು.

ಇನ್ನು ಸಾಕ್ಷ್ಯದ ವಿಷಯ. ಮಹಜರಿನ ಜೊತೆಗಿದ್ದ ಸ್ಕೆಚ್ ನೋಡಿ ದಂಗಾದೆ. ಎರಡು ಗೆರೆಯ ರಸ್ತೆ, ನಡುವೆ ಗುಣಿಸು ಗುರುತು, ಪಕ್ಕದಲ್ಲೊಂದು ಮರ. ಸರ್ವಿಸ್ ರಸ್ತೆಯೇ ಇರಲಿಲ್ಲ! ಅದಿಲ್ಲದಿದ್ದರೆ ಬೈಕು ಎದುರಿನಿಂದ ಬಂದದ್ದಕ್ಕೆ ಅರ್ಥವೇ ಇಲ್ಲ. ಪುಣ್ಯಕ್ಕೆ, ಅವತ್ತು ಗಾಜಿನ ಚೂರು ಬಿದ್ದಿದ್ದ ಜಾಗದ ಫೋಟೊಗಳನ್ನು ನನ್ನ ಹೆಂಡತಿ ತೆಗೆದಿದ್ದಳು. ಮೂಲೆಯ ಬೇಕರಿಯಲ್ಲಿ ಸಿಸಿಟಿವಿ ಇತ್ತು. ಅಂಥ ಡಿವಿಆರ್‌ಗಳಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡಾಗುತ್ತ ಹೋಗುತ್ತದೆ, ತಡಮಾಡಿದರೆ ಏನೂ ಉಳಿಯುವುದಿಲ್ಲ. ಸಿಕ್ಕ ದೃಶ್ಯದಲ್ಲಿ ಡಿಕ್ಕಿ ಕಾಣುತ್ತಿರಲಿಲ್ಲ. ಬೈಕು ಎದುರು ದಿಕ್ಕಿನಲ್ಲಿ ಹೋಗಿದ್ದಷ್ಟೇ ಕಾಣುತ್ತಿತ್ತು. ಆದರೆ ಬರೀ ಪೆನ್‌ಡ್ರೈವ್ ಕೊಟ್ಟರೆ ಕೋರ್ಟು ಒಪ್ಪದು, ಆಗಿನ ಸಾಕ್ಷ್ಯ ಅಧಿನಿಯಮದ 65ಬಿ ಪ್ರಮಾಣಪತ್ರ ಬೇಕಿತ್ತು. ಬೇಕರಿಯವರು ಕೋರ್ಟು ಅಂದ ತಕ್ಷಣ ಹಿಂಜರಿದರು. "ನಮ್ಮನ್ಯಾಕೆ ಸಾರ್ ಎಳೀತೀರಾ" ಎಂದವರು ಕೊನೆಗೂ ಸಹಿ ಹಾಕಿಕೊಟ್ಟರು. ಅವರ ಋಣ ದೊಡ್ಡದು.

ಆಪಾದನೆ ಓದಿ ಹೇಳಿದ ದಿನ ನ್ಯಾಯಾಧೀಶರು "ಒಪ್ಕೋತೀರಾ?" ಎಂದರು. "ಇಲ್ಲ ಸ್ವಾಮಿ." ಅಷ್ಟೆ, ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಲ್ಲಿಂದ ಮುಂದೆ ಬರೀ ದಿನಾಂಕಗಳು. ನಡುವೆ ಕೋವಿಡ್ ಬಂದು ಕಲಾಪವೇ ನಿಂತಿತು.

ಪಾಟೀಸವಾಲು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಮಾವ ಕಟಕಟೆ ಹತ್ತಿ ಕಾರು ಬಹಳ ಜೋರಾಗಿ ಬಂತು ಎಂದರು. ವಕೀಲರು, "ಆಗ ನೀವೆಲ್ಲಿದ್ರಿ?" "ಮನೇಲಿ. ಫೋನ್ ಬಂದ ಮೇಲೆ ಆಸ್ಪತ್ರೆಗೆ ಹೋದೆ." ಪಂಚನೊಬ್ಬ ಮಹಜರಿಗೆ ಠಾಣೆಯಲ್ಲೇ ಸಹಿ ಹಾಕಿದ್ದಾಗಿ ಹೇಳಿದ. ವಾಹನ ನಿರೀಕ್ಷಕರ ವರದಿಯಲ್ಲಿ ಬ್ರೇಕು ಸರಿಯಿತ್ತು, ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವಲ್ಲ ಎಂದಿತ್ತು. ಹುಡುಗ ಸುಳ್ಳು ಹೇಳಲಿಲ್ಲ. "ಯು-ಟರ್ನ್ ದೂರ ಇತ್ತು ಸಾರ್, ಅದಕ್ಕೆ ಆ ಕಡೆಯಿಂದಲೇ ಬಂದೆ" ಅಂದ. ಅವನ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ವಾದ ಮಂಡಿಸುವಾಗ ನಮ್ಮ ವಕೀಲರು 1998ರ 'ಕರ್ನಾಟಕ ಸರ್ಕಾರ ವಿರುದ್ಧ ಸತೀಶ್' ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪನ್ನು ಮುಂದಿಟ್ಟರು. ವಾಹನ ಜೋರಾಗಿ ಬಂತು ಎಂದಮಾತ್ರಕ್ಕೆ ಚಾಲಕ ಅಜಾಗರೂಕನಾಗುವುದಿಲ್ಲ. ಅಜಾಗರೂಕತೆಯನ್ನು ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್ನಿನದು. ಸಂಶಯದ ಲಾಭ ಕೊಟ್ಟು ನನ್ನನ್ನು ಬಿಟ್ಟರು.

ಇಷ್ಟಾದರೂ ಕೇಸು ನಡೆಸುವುದು ಸಲೀಸು ಎಂದು ನಾನು ಯಾರಿಗೂ ಹೇಳಲಾರೆ. ವಕೀಲರ ಫೀಜು ದಂಡವನ್ನು ಎಂದೋ ದಾಟಿತ್ತು. ಕೇಸು ಬಾಕಿಯಿರುವಷ್ಟು ಕಾಲ ಪಾಸ್‌ಪೋರ್ಟಿನ ಅರ್ಜಿಯಲ್ಲಿ ಅದನ್ನು ಕಾಣಿಸಬೇಕು, ನವೀಕರಣಕ್ಕೆ ಕೋರ್ಟಿನ ಅನುಮತಿ ತರಬೇಕು. ಮಗಳ ಬಾಣಂತನಕ್ಕೆ ದುಬೈಗೆ ಹೊರಟಾಗ ಈ ಅನುಮತಿಗೆ ಅಲೆದಷ್ಟು ಕೇಸಿಗೂ ಅಲೆದಿರಲಿಲ್ಲ. ಬ್ಯಾಂಕಿನ ಕೆಲಸ ಇಲ್ಲದಿದ್ದರೆ, ಬೇಕರಿಯ ಕ್ಯಾಮೆರಾ ಇಲ್ಲದಿದ್ದರೆ ನಾನೂ ದಂಡ ಕಟ್ಟಿ ಮಧ್ಯಾಹ್ನದೊಳಗೆ ಆಫೀಸಿನಲ್ಲಿರುತ್ತಿದ್ದೆನೇನೋ.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 279ರ ಜಾಗದಲ್ಲಿ 281, ದಂಡ ಅದೇ 1,000. ಗಾಯಕ್ಕೆ ಸಂಬಂಧಿಸಿದ 337ರ ಜಾಗದಲ್ಲಿ 125(ಎ), ಅಲ್ಲಿ ದಂಡ 5,000ದವರೆಗೆ ಏರಿದೆ. ಖುಲಾಸೆಯಾದವರು ತೀರ್ಪಿನ ದೃಢೀಕೃತ ನಕಲನ್ನು ತೆಗೆಸುವಾಗ ಒಂದೆರಡು ಹೆಚ್ಚಿಗೇ ತೆಗೆಸಿಡಿ. ಒಂದು ನಾನು ಬ್ಯಾಂಕಿಗೆ ಕೊಟ್ಟೆ, ಇನ್ನೊಂದನ್ನು ಪಾಸ್‌ಪೋರ್ಟಿನವರು ಕೇಳಿದರು.