ಪಚ್ಚೆಗೆ ಬೇಕಿದ್ದದ್ದು ಒಂದಡಿ ಮಣ್ಣು

ಹಗಲು ಹೊತ್ತು ಊಸರವಳ್ಳಿ ಕಣ್ಣು ಮುಚ್ಚಿಕೊಂಡು ಕೂತಿದ್ದರೆ ಅದು ನಿದ್ದೆಯಲ್ಲ, ಕಾಯಿಲೆ. ಇದೊಂದು ವಿಷಯ ಮೊದಲೇ ಗೊತ್ತಿದ್ದಿದ್ದರೆ ಪಚ್ಚೆ ಅಷ್ಟು ನರಳುತ್ತಿರಲಿಲ್ಲ.

ನಾವಿರುವುದು ಅಮೆರಿಕದ ಡಲ್ಲಾಸ್ ಹತ್ತಿರ. ಮಗಳ ಹತ್ತನೇ ಹುಟ್ಟುಹಬ್ಬಕ್ಕೆ ಮನೆಗೆ ಬಂದವಳು ಪಚ್ಚೆ. ವೇಲ್ಡ್ ಕಮೀಲಿಯನ್ ಎಂಬ ಜಾತಿ. ಮೂಲ ಯೆಮನ್, ಸೌದಿ ಅರೇಬಿಯಾ. ಇಲ್ಲಿ ಸಾಕುವುದಕ್ಕೆಂದೇ ಮರಿ ಮಾಡಿಸಿ ಮಾರುತ್ತಾರೆ. ನಮ್ಮೂರ ಕಡೆಯ ಊಸರವಳ್ಳಿಯ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಇದನ್ನು ಓದಿ ಯಾರೂ ಹೊಲದ ಬೇಲಿಯಿಂದ ಒಂದನ್ನು ಮನೆಗೆ ತರಬಾರದು ಅಂತ ಮೊದಲೇ ಹೇಳಿಬಿಡುತ್ತಿದ್ದೇನೆ. ಹಾಸನದಲ್ಲಿರುವ ಅಮ್ಮ ವಿಡಿಯೊ ಕಾಲ್‌ನಲ್ಲಿ ನೋಡಿ, "ಓತಿಕ್ಯಾತನ್ನ ಯಾರಾದ್ರೂ ಮನೆಯೊಳಗೆ ಸಾಕ್ತಾರೇನೇ?" ಅಂದಿದ್ದಳು.

ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ. ಹೆಣ್ಣಲ್ಲವಾ, ಮೊಟ್ಟೆಗಿಟ್ಟೆ ಇಡುತ್ತದಾ? ಗಂಡು ಜೊತೆಗಿಲ್ಲದಿದ್ದರೆ ಇಡಲ್ಲ ಅಂದರು. ನಂಬಿದೆ. ಹುಂಜದ ಮುಖವನ್ನೇ ನೋಡದ ಫಾರಂ ಕೋಳಿಯ ಮೊಟ್ಟೆಯನ್ನು ದಿನಾ ಒಡೆದು ಆಮ್ಲೆಟ್ ಮಾಡುವ ನನಗೆ ಅದು ಹೊಳೆಯಲೇ ಇಲ್ಲ. ಈ ಜಾತಿಯ ಹೆಣ್ಣಿಗೆ ಐದಾರು ತಿಂಗಳು ತುಂಬಿದರೆ ಸಾಕು, ಗಂಡಿದ್ದರೂ ಇಲ್ಲದಿದ್ದರೂ ಮೊಟ್ಟೆ ಕಟ್ಟಬಹುದು.

ಮೊದಲ ತಪ್ಪು ನಡೆದದ್ದು ಊಟದಲ್ಲಿ. ಚಿಮ್ಮಂಡೆ ಹಿಡಿಯುವಾಗ ಅವಳ ನಾಲಿಗೆ ಮೈಗಿಂತಲೂ ಉದ್ದಕ್ಕೆ ಚಾಚಿ, ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ ಹೋಗಿರುತ್ತಿತ್ತು. ಅದನ್ನು ನೋಡುವ ಆಸೆಗೆ ಮಗಳು ಇನ್ನೊಂದು ಹಾಕೋಣ ಅನ್ನುತ್ತಿದ್ದಳು, ಪಾಪ ತಿನ್ನಲಿ ಅಂತ ನಾನೂ ಹಾಕುತ್ತಿದ್ದೆ. ದಿನಕ್ಕೆ ಹತ್ತು, ಹನ್ನೆರಡು. ಬೆಳೆದ ಹೆಣ್ಣು ಹೆಚ್ಚು ತಿಂದಷ್ಟೂ, ಅವಳು ಮೈ ಕಾಯಿಸಿಕೊಳ್ಳುವ ಕೊಂಬೆ ಹೆಚ್ಚು ಬಿಸಿಯಿದ್ದಷ್ಟೂ ಹೊಟ್ಟೆಯಲ್ಲಿ ಮೊಟ್ಟೆ ಹೆಚ್ಚು ಕಟ್ಟುತ್ತವೆ. ಹೊಟ್ಟೆ ತುಂಬ ಹಾಕುವುದೇ ಪ್ರೀತಿ ಅಂತ ತಿಳಿದು ಬೆಳೆದವಳು ನಾನು. ಅವಳ ಮೈಮೇಲೆ ಆ ಭಾರ ಹೇರಿದ್ದು ನನ್ನ ಕೈಯೇ ಅನ್ನುವುದನ್ನು ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು.

ಎಂಟನೇ ತಿಂಗಳಲ್ಲಿ ಊಟ ಬಿಟ್ಟಳು. ಹಸಿರು ಮೈ ಕಪ್ಪಿಗೆ ತಿರುಗಿ, ಅದರ ಮೇಲೆ ನೀಲಿ, ಹಳದಿ ಚುಕ್ಕೆ ಎದ್ದವು. ಮರದಿಂದ ಇಳಿಯಲು ಇಷ್ಟವೇ ಇಲ್ಲದವಳು ಗೂಡಿನ ತಳದಲ್ಲಿ ಅತ್ತಿಂದಿತ್ತ ಓಡಾಡತೊಡಗಿದಳು. ಮೊಟ್ಟೆಯ ಸೂಚನೆ ಅಂತ ತಡವಾಗಿ ಓದಿ, ನಾಲ್ಕಿಂಚು ಮಣ್ಣು ತುಂಬಿದ ಹೂಕುಂಡವೊಂದನ್ನು ಒಳಗಿಟ್ಟೆ. ತೋಡಿದಳು. ತಳ ಸಿಕ್ಕಿತು. ಎದ್ದು ಹೋದಳು. ಮತ್ತೆ ಬಂದು ಇನ್ನೊಂದು ಮೂಲೆಯಲ್ಲಿ ತೋಡಿದಳು. ಅರ್ಧ ಗಂಟೆಗೊಮ್ಮೆ ನಾನು ಹೋಗಿ ಇಣುಕುತ್ತಿದ್ದೆ, ರಾತ್ರಿ ಫೋನಿನ ಟಾರ್ಚ್ ಹಾಕಿ. ಪ್ರತಿ ಸಲವೂ ಅವಳು ಕೆಲಸ ನಿಲ್ಲಿಸಿ ಒಂದು ಕಣ್ಣನ್ನು ನನ್ನ ಕಡೆ ತಿರುಗಿಸಿ ಹಾಗೇ ಕಲ್ಲಾಗಿಬಿಡುತ್ತಿದ್ದಳು. ಮೂರನೇ ದಿನ ಬೆಳಿಗ್ಗೆ ಕೆಳಗಿನ ಕೊಂಬೆಗೆ ಆತುಕೊಂಡು ಕೂತಿದ್ದಳು. ಕಣ್ಣುಗಳು ಗುಳಿಬಿದ್ದು ಮುಚ್ಚಿದ್ದವು. ಹುಳು ತೋರಿಸಿದರೆ ಬಾಯಿ ತೆರೆದಳು, ನಾಲಿಗೆ ತುಟಿ ದಾಟಲಿಲ್ಲ.

ಸರೀಸೃಪಗಳನ್ನು ನೋಡುವ ವೈದ್ಯರು ನಲವತ್ತು ಮೈಲಿ ದೂರದಲ್ಲಿದ್ದರು. ಎಕ್ಸ್‌ರೇ ತೆರೆದು ತೋರಿಸಿದಾಗ ನನಗೆ ಮಾತು ಹೊರಡಲಿಲ್ಲ. ಎದೆಗೂಡಿನಿಂದ ಬಾಲದ ಬುಡದವರೆಗೆ ಮೊಟ್ಟೆ, ಕಡಲೆಕಾಯಿ ಮೂಟೆಯ ಹಾಗೆ. ನಲವತ್ತೊಂದು ಎಣಿಸಿದರು. ಉಸಿರಿಗಾದರೂ ಎಲ್ಲಿ ಜಾಗ ಅನ್ನಿಸಿತು.

ಡಾಕ್ಟರು ಬೈಯಲಿಲ್ಲ, ಬಿಡಿಸಿ ಹೇಳಿದರು. ಮೊಟ್ಟೆಯನ್ನು ಹೊರಗೆ ನೂಕುವುದು ಸ್ನಾಯು. ಸ್ನಾಯು ಬಿಗಿಯಬೇಕಾದರೆ ಕ್ಯಾಲ್ಸಿಯಂ ಬೇಕು. ಚಿಮ್ಮಂಡೆಯಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಹಾಗಾಗಿ ಹುಳುವಿಗೆ ಪುಡಿ ಸವರಿಯೇ ಹಾಕಬೇಕು. ಆ ಪುಡಿ ಮೈಗೆ ಹತ್ತಬೇಕಾದರೆ ಯುವಿಬಿ ಎಂಬ ಅತಿನೇರಳೆ ಬೆಳಕು ಬೀಳಬೇಕು. ನನ್ನ ದೀಪ ಉರಿಯುತ್ತಿತ್ತು, ನಿಜ. ಆದರೆ ತಿಂಗಳುಗಟ್ಟಲೆ ಹಳೆಯದು. ಕಣ್ಣಿಗೆ ಕಾಣುವ ಬೆಳಕು ಹಾಗೇ ಇದ್ದರೂ ಅದರ ಯುವಿಬಿ ಸವೆದುಹೋಗಿರುತ್ತದೆ. ಕಿಟಕಿ ಪಕ್ಕ ಇಟ್ಟಿದ್ದೀನಲ್ಲ, ಬಿಸಿಲು ಬೀಳುತ್ತದಲ್ಲ ಅಂದೆ. ಗಾಜು ಆ ಕಿರಣವನ್ನು ತಡೆಯುತ್ತದೆ ಅಂದರು.

ಚರ್ಮದಡಿ ನೀರು ಕೊಟ್ಟರು, ಕ್ಯಾಲ್ಸಿಯಂ ಕೊಟ್ಟರು. ಹೆರಿಗೆ ವಾರ್ಡಿನಲ್ಲಿ ಕೊಡುವ ಆಕ್ಸಿಟೋಸಿನ್ ಕೊಡಿ ಅಂತ ನಾನು ಅವಸರ ಮಾಡಿದೆ. ಮೈಯಲ್ಲಿ ನೀರಿಲ್ಲದೆ, ಕ್ಯಾಲ್ಸಿಯಂ ಇಲ್ಲದೆ ನೋವು ಬರಿಸಿದರೆ ಪ್ರಯೋಜನವಿಲ್ಲ. ಮೊಟ್ಟೆ ಅಡ್ಡ ಸಿಕ್ಕಿಕೊಂಡಿದ್ದರೆ ಅಂಡನಾಳವೇ ಹರಿಯಬಹುದು. ಮೊದಲು ಅವಳಿಗೆ ಸರಿಯಾದ ಜಾಗ ಕೊಡಿ, ಎರಡು ದಿನ ನೋಡೋಣ, ಆಗದಿದ್ದರೆ ಆಪರೇಷನ್ ಅಂದರು.

ಆ ರಾತ್ರಿ ಕಸದ ಡಬ್ಬಿಯಷ್ಟು ಆಳದ ಪ್ಲಾಸ್ಟಿಕ್ ಡಬ್ಬ ತಂದು, ತೊಳೆದ ಮರಳು ಮತ್ತು ಮಣ್ಣು ಕಲಸಿ, ಒಂದಡಿ ಎತ್ತರಕ್ಕೆ ತುಂಬಿದೆವು. ಹದ ಮುಖ್ಯ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಹಿಂಡಿದರೆ ನೀರು ಇಳಿಯಬಾರದು. ಬೆರಳಿಟ್ಟು ತೂತು ಮಾಡಿದರೆ ಕುಸಿಯಬಾರದು. ಒಳಗೆ ಅವಳು ಸುರಂಗ ಕೊರೆದು ಹೋಗುವವಳು, ಮೇಲಿನ ಮಣ್ಣು ಮೈಮೇಲೆ ಬೀಳಕೂಡದು.

ಅಮ್ಮನಿಗೆ ಫೋನ್ ಮಾಡಿ ಅತ್ತೆ. ಸುಮ್ಮನೆ ಕೇಳಿಸಿಕೊಂಡು, "ಮೊಟ್ಟೆಗೆ ಬಂದ ಕೋಳೀನ ಹೋಗ್ ಹೋಗಿ ನೋಡ್ತಾರೇನೇ? ಬುಟ್ಟಿ ಮೇಲೆ ಗೋಣಿ ಇಳಿಬಿಟ್ಟು ಆಚೆ ಬರ್ಬೇಕು ಕಣೆ" ಅಂದಳು. ಡಾಕ್ಟರು ಹೇಳಿದ್ದೂ ಅದನ್ನೇ. ಗೂಡಿನ ಮೂರು ಕಡೆ ಹಳೇ ಬೆಡ್‌ಶೀಟ್ ಕಟ್ಟಿ, ಬಾಗಿಲೆಳೆದುಕೊಂಡು ಬಂದೆ. ಮಗಳು ಬಾಗಿಲಿಗೆ ಕಿವಿಯಿಟ್ಟು ಕೂತಳು.

ಮಾರನೇ ಸಂಜೆ ಮೈಯೆಲ್ಲ ಮಣ್ಣು ಮೆತ್ತಿಕೊಂಡ ಪಚ್ಚೆ ಕೊಂಬೆಯ ಮೇಲಿದ್ದಳು. ಹೊಟ್ಟೆ ಬತ್ತಿ ಪಕ್ಕೆಯಲ್ಲಿ ಮಡಿಕೆ ಬಿದ್ದಿತ್ತು. 126 ಗ್ರಾಂ ಇದ್ದವಳು 82ಕ್ಕೆ ಇಳಿದಿದ್ದಳು. ಮಣ್ಣಿನಲ್ಲಿ ಮೂವತ್ತೊಂಬತ್ತು ಮೊಟ್ಟೆ. ಎಣಿಕೆಗೆ ಎರಡು ಕಡಿಮೆ. ಮತ್ತೆ ಎಕ್ಸ್‌ರೇ ತೆಗೆಸಿದೆವು, ಎರಡೂ ಒಳಗಿದ್ದವು. ಈಗ ಇಂಜೆಕ್ಷನ್ ಕೊಟ್ಟರು, ಆಸ್ಪತ್ರೆಯಲ್ಲೇ ಹೊರಬಂದವು. ಮೊಟ್ಟೆ ಹಾಕಿದ್ದು ಕಂಡಕೂಡಲೇ ಮುಗಿಯಿತು ಅಂದುಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಎಣಿಸಿ. ಕೆಲವು ಹೆಣ್ಣುಗಳಲ್ಲಿ ಮೊಟ್ಟೆ ಕೆಳಗಿಳಿಯದೆ ಅಂಡಾಶಯದಲ್ಲೇ ಗಂಟಾಗಿ ನಿಲ್ಲುವುದೂ ಉಂಟು. ಅದಕ್ಕೆ ಮಣ್ಣೂ ಆಗುವುದಿಲ್ಲ, ಇಂಜೆಕ್ಷನ್ನೂ ಆಗುವುದಿಲ್ಲ, ಕತ್ತರಿಯೇ ಗತಿ.

ಬಾಣಂತಿಗೆ ಮಾಡಿದ ಹಾಗೆ ಒಂದು ವಾರ ನೀರು, ರೇಷ್ಮೆಹುಳು, ಪುಡಿ ಸವರಿದ ಚಿಮ್ಮಂಡೆ ಕೊಟ್ಟೆವು. ಆಮೇಲೆ ನಿಧಾನಕ್ಕೆ ಕಡಿಮೆ ಮಾಡಿ ದಿನ ಬಿಟ್ಟು ದಿನ ಮೂರೋ ನಾಲ್ಕೋ. ಕೊಂಬೆಯ ಬಿಸಿಯನ್ನು 34 ಡಿಗ್ರಿಯಿಂದ 27ಕ್ಕೆ ಇಳಿಸಿದೆ. ಹೊಸ ದೀಪ ಹಾಕಿದೆ. ಅವಳು ಬಾಗಿಲ ಹತ್ತಿರ ಬಂದು ಇನ್ನೂ ಬೇಕು ಅನ್ನುವ ಹಾಗೆ ನೋಡುವಾಗ ಡಬ್ಬಿ ಮುಚ್ಚುವುದು ನನಗೆ ಇವತ್ತಿಗೂ ಕಷ್ಟ.

ಐದು ತಿಂಗಳ ಮೇಲೆ ಮತ್ತೆ ಕೆಳಗಿಳಿದಳು. ಡಬ್ಬ ಅಲ್ಲೇ ಇತ್ತು, ಬೆಡ್‌ಶೀಟ್ ಇಳಿಬಿಟ್ಟೆ. ಎರಡು ದಿನ ಆ ಕೋಣೆಗೆ ನಾನು ಕಾಲಿಡಲಿಲ್ಲ. ಮೂರನೇ ದಿನ ಹೋಗಿ ನೋಡಿದರೆ ಪಚ್ಚೆ ಮೇಲೆ ಮೈ ಕಾಯಿಸಿಕೊಳ್ಳುತ್ತಿದ್ದಳು, ಎರಡು ಕಣ್ಣೂ ತೆರೆದಿದ್ದವು. ಮಣ್ಣು ಮಾತ್ರ ಮುಟ್ಟಿಯೇ ಇಲ್ಲವೇನೋ ಅನ್ನುವ ಹಾಗೆ ಸಮತಟ್ಟಾಗಿತ್ತು. ಕಾಲಿಂದ ಅಷ್ಟು ಬಿಗಿಯಾಗಿ ತುಳಿದು ಮುಚ್ಚಿದ್ದಳು. ಮರಿಯಾಗದ ಮೊಟ್ಟೆಗಳವು, ಅವಳಿಗದು ಗೊತ್ತಿಲ್ಲ. ನಾನೂ ಮಗಳೂ ಚಮಚದಲ್ಲಿ ಮೂಲೆಯಿಂದ ಮೂಲೆಗೆ ಕೆದಕುತ್ತಾ ಹೋದೆವು. ಮೊದಲ ಬಿಳಿ ಮೊಟ್ಟೆ ಕಂಡಿದ್ದು ತಳದ ಹತ್ತಿರ. ಇಪ್ಪತ್ತಮೂರಿದ್ದವು.