ಕಲ್ಲಿನಲ್ಲಿ ಕಾಲ

ಪಾಳಿ ಮುಗಿಸಿ ಬಂದು ಶೋಳಿಂಗನಲ್ಲೂರಿನ ಈ ವಾಚನಾಲಯದಲ್ಲಿ ಕೂರುವ ನಮಗೆ ಹೊತ್ತೆಂದರೆ ಗಡಿಯಾರದ ಮುಳ್ಳು, ಗೋಡೆಯ ಕ್ಯಾಲೆಂಡರು. ಇವು ಮನೆಮನೆಗೆ ಬರುವ ಮೊದಲು ಶಿಲ್ಪಿಯೊಬ್ಬನು ಹೊತ್ತನ್ನು ತೋರಿಸಬೇಕಾದರೆ ಏನು ಮಾಡುತ್ತಿದ್ದನು? ಕಲ್ಲು ಅಲುಗದು, ಅದರಲ್ಲಿ ಎತ್ತಿದ ಕೈ ಎತ್ತಿಯೇ ಇರುತ್ತದೆ. ‘ಮೊದಲು ಹೀಗಾಯಿತು, ಆಮೇಲೆ ಹೀಗಾಯಿತು’ ಎಂಬುದನ್ನು ಅದರಲ್ಲಿ ಹೇಳುವುದು ಹೇಗೆ?

ಉತ್ತರವು ನಮ್ಮಲ್ಲಿ ಅನೇಕರ ಊರಿನಲ್ಲೇ ಉಂಟು. ಕೆರೆಯ ಏರಿಯ ಮೇಲೋ ಊರಬಾಗಿಲ ಹತ್ತಿರವೋ ನಿಂತಿರುವ ವೀರಗಲ್ಲನ್ನು ನೆನಪಿಗೆ ತಂದುಕೊಳ್ಳಿ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣಗಳಿರುತ್ತವೆ. ಅದನ್ನು ಪುಸ್ತಕದಂತೆ ಮೇಲಿನಿಂದ ಓದಬಾರದು, ಕೆಳಗಿನಿಂದ ಓದಬೇಕು. ಕೆಳಗೆ ಕಾಳಗ: ವೀರನು ಬಿಲ್ಲೋ ಕತ್ತಿಯೋ ಹಿಡಿದು ಹೋರಾಡುತ್ತಿರುವನು, ತುರುಗಳಿಗಾಗಿ ನಡೆದ ಜಗಳವಾದರೆ ಪಕ್ಕದಲ್ಲಿ ದನಗಳೂ ಇರುತ್ತವೆ. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವರು. ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿರುವನು. ಒಬ್ಬನೇ ಮನುಷ್ಯ, ಒಂದೇ ಕಲ್ಲಿನಲ್ಲಿ ಮೂರು ಸಲ. ತುದಿಯಲ್ಲಿ ಸೂರ್ಯಚಂದ್ರರು, ಅವರಿರುವವರೆಗೆ, ‘ಆಚಂದ್ರಾರ್ಕ’, ಎಂದು ಅರ್ಥ. ಅಂಕಣಗಳ ನಡುವಣ ಪಟ್ಟಿಯಲ್ಲಿ ಬರಹವಿದ್ದರೆ ಶಕವರ್ಷ, ಸಂವತ್ಸರ, ತಿಥಿ, ವಾರಗಳೂ ಸಿಕ್ಕಾವು.

ಕಷ್ಟವೇನೆಂದರೆ, ಎಷ್ಟೋ ಕಡೆ ಮಣ್ಣು ಏರಿ ಕೆಳಗಿನ ಅಂಕಣ ಹೂತುಹೋಗಿದೆ. ಲಿಂಗದ ಭಾಗ ಮಾತ್ರ ಕಾಣುವುದರಿಂದ ಜನರು ದೇವರೆಂದು ಎಣ್ಣೆ ಹಚ್ಚುತ್ತಾರೆ. ತಪ್ಪೇನಿಲ್ಲ. ಆದರೆ ಆತನು ಯಾತಕ್ಕೆ ಸತ್ತನೆಂಬುದು ನೆಲದೊಳಗೇ ಉಳಿಯಿತು. ಬಟ್ಟೆ ಒಗೆಯಲು ಹಾಸಿದ ಕಲ್ಲುಗಳ ಮಾತಂತೂ ಬೇಡ.

ಒಬ್ಬನನ್ನೇ ಹಲವು ಸಲ ತೋರಿಸುವುದು ನಮ್ಮವರ ಉಪಾಯ ಮಾತ್ರವಲ್ಲ. ಇಟಲಿಯ ಫ್ಲಾರೆನ್ಸಿನಲ್ಲಿ ಮಸಾಚ್ಚೋ ಎಂಬ ಚಿತ್ರಕಾರನು ಸುಮಾರು 1425ರಲ್ಲಿ ಬರೆದ ಭಿತ್ತಿಚಿತ್ರವೊಂದರಲ್ಲಿ ಸಂತ ಪೀಟರನು ಮೂರು ಕಡೆ ಇದ್ದಾನೆ: ನಡುವೆ ಏಸುವಿನ ಮಾತು ಕೇಳುತ್ತ, ಎಡಕ್ಕೆ ಮೀನಿನ ಬಾಯಿಂದ ನಾಣ್ಯ ತೆಗೆಯುತ್ತ, ಬಲಕ್ಕೆ ಅದನ್ನು ಸುಂಕದವನಿಗೆ ಕೊಡುತ್ತ. ಅಲ್ಲಿ ಕಣ್ಣು ಮಾತ್ರ ಓಡಾಡಿದರೆ ಸಾಕು. 1268ರ ಸೋಮನಾಥಪುರದಲ್ಲಿ ನೋಡುವವನೇ ನಡೆಯಬೇಕು. ಪ್ರದಕ್ಷಿಣೆ ಬಂದಂತೆ ದಕ್ಷಿಣಕ್ಕೆ ರಾಮಾಯಣ, ಹಿಂದೆ ಕೃಷ್ಣನ ಕಥೆ, ಉತ್ತರಕ್ಕೆ ಮಹಾಭಾರತ. ಅಪ್ರದಕ್ಷಿಣೆಯಾಗಿ ಹೋದವನಿಗೆ ಕಥೆಯೂ ಹಿಂದುಮುಂದಾದೀತು!

ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ (14ನೆಯ ಶತಮಾನ) ಹನ್ನೆರಡು ರಾಶಿಕಂಬಗಳಿವೆ. ಸೂರ್ಯನು ಇರುವ ರಾಶಿಯ ಕಂಬದ ಮೇಲೆ ಬಿಸಿಲು ಬೀಳುವುದೆಂದು ಹೇಳುತ್ತಾರೆ. ಫ್ರಾನ್ಸಿನ ಆಮಿಯೆಂ ಇಗರ್ಜಿಯಲ್ಲಿ 13ನೆಯ ಶತಮಾನದ ಶಿಲ್ಪಿಗಳು ರಾಶಿಗಳ ಕೆಳಗೆ ಆಯಾ ತಿಂಗಳ ಕೆಲಸಗಳನ್ನು ಕೊರೆದಿರುವರು.

ನನಗೆ ಎಲ್ಲಕ್ಕಿಂತ ಹಿಡಿಸುವುದು ಆತಕೂರಿನ ಕಲ್ಲು. ನಾವು ಈಗಿರುವ ಸೀಮೆಗೂ ಅದಕ್ಕೂ ಸಂಬಂಧವುಂಟು. 949ರಲ್ಲಿ ಅರಕ್ಕೋಣದ ಬಳಿಯ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಡೆಯವರು ಚೋಳರನ್ನು ಸೋಲಿಸಿದರು. ಚೋಳ ರಾಜಾದಿತ್ಯನು ಮಡಿದನು. ಗಂಗ ಬೂತುಗನ ಕಡೆಯ ಮಣಲೇರನು ಅಲ್ಲಿ ತೋರಿದ ಪರಾಕ್ರಮಕ್ಕೆ ಬೇಡಿ ಪಡೆದದ್ದೇನು ಗೊತ್ತೇ? ಕಾಳಿ ಎಂಬ ನಾಯಿ. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಿಲ್ಲಿಸಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಮೂರು ಅಂಕಣಗಳಿಲ್ಲ, ಅಪ್ಸರೆಯರಿಲ್ಲ. ನಾಯಿಯೂ ಹಂದಿಯೂ ಒಂದರ ಮೇಲೊಂದು ಬಿದ್ದಿರುವ ಆ ಒಂದು ಕ್ಷಣ ಮಾತ್ರ. ಹಿಂದಿನ ಯುದ್ಧವನ್ನೂ ಮುಂದಿನ ಏರ್ಪಾಟನ್ನೂ ಹಳಗನ್ನಡದ ಬರಹವೇ ಹೇಳಬೇಕು. ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟು, ಅದನ್ನು ಅನುಭವಿಸುವ ಗೊರವನು ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂದು ಅದರಲ್ಲಿ ಬರೆಸಿದೆ. ನಾಯಿಯ ನೆನಪನ್ನು ದಿನದಿನದ ಊಟಕ್ಕೆ ಗಂಟು ಹಾಕಿದ ಜಾಣತನ ನೋಡಿ.

ದೀಪಾವಳಿಗೆ ಊರಿಗೆ ಹೋದಾಗ ನಿಮ್ಮೂರ ಕಲ್ಲಿನ ಬುಡವನ್ನು ನೋಡಿ ಬನ್ನಿ. ಅಕ್ಷರವಿದ್ದರೆ ಸುಣ್ಣ ಬಳಿಯದಂತೆ ಮನೆಯವರಿಗೆ ಹೇಳಿ. ಎಷ್ಟು ಅಂಕಣ, ಕೆಳಗಿನದರಲ್ಲಿ ಏನಿದೆ ಎಂಬುದನ್ನು ವಾಚನಾಲಯದ ಮೇಜಿನ ಮೇಲಿರುವ ನೋಟುಪುಸ್ತಕದಲ್ಲಿ ಊರಿನ ಹೆಸರಿನೊಡನೆ ಬರೆದಿಡಿ.