ಮೂರು ಶಾಖೆಗೆ ಒಂದೇ ಕಾವಲು

ಪ್ರಶ್ನೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ನಮ್ಮ ಸಹಕಾರ ಸಂಘದ ಶಾಖೆಗಳಿವೆ. ನೆಟ್ ಹೋದದ್ದು ಗ್ರಾಹಕರು ಬೈದ ಮೇಲೆಯೇ ನಮಗೆ ತಿಳಿಯುತ್ತದೆ. ಎಸ್‌ಎನ್‌ಎಂಪಿಯಿಂದ ಪ್ರಯೋಜನವಿದೆಯೇ?

ಉತ್ತರ: ಇದೆ. ಎಸ್‌ಎನ್‌ಎಂಪಿ ಎಂದರೆ ನೆಟ್‌ವರ್ಕ್ ಸಾಧನಗಳ ಸ್ಥಿತಿಯನ್ನು ದೂರದಿಂದಲೇ ವಿಚಾರಿಸುವ ವಿಧಾನ. ಮೊದಲು ನಿಮ್ಮ ರೂಟರ್, ಸ್ವಿಚ್‌ಗಳಲ್ಲಿ ಆ ಸೌಲಭ್ಯ ಇದೆಯೇ ನೋಡಿ. ಮನೆಬಳಕೆಯ ಅಗ್ಗದ ರೂಟರ್‌ಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಅವಕ್ಕೆ ಪಿಂಗ್ ಸಾಕು. ಮುಖ್ಯ ಕಚೇರಿಯ ಒಂದು ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಉಚಿತವಾಗಿ ಸಿಗುವ ಲಿಬ್ರೆಎನ್‌ಎಂಎಸ್ ಅಳವಡಿಸಿ. ಅದು ಐದು ನಿಮಿಷಕ್ಕೊಮ್ಮೆ ಯುಡಿಪಿ 161ನೇ ಪೋರ್ಟಿನಲ್ಲಿ ಎಸ್‌ಎನ್‌ಎಂಪಿ ಇರುವ ಸಾಧನಗಳನ್ನೆಲ್ಲ ವಿಚಾರಿಸಿ ಲೆಕ್ಕ ಬರೆದಿಡುತ್ತದೆ. ಹರಿದ ಡೇಟಾದ 64 ಬಿಟ್ ಎಣಿಕೆಯನ್ನೇ ಓದಿಸಿ: ಗಿಗಾಬಿಟ್ ಪೋರ್ಟ್ ಪೂರ್ಣ ವೇಗದಲ್ಲಿದ್ದರೆ 32 ಬಿಟ್ ಎಣಿಕೆ ಸುಮಾರು 34 ಸೆಕೆಂಡಿನಲ್ಲೇ ತುಂಬಿ ಸೊನ್ನೆಗೆ ಮರಳುತ್ತದೆ, ಗ್ರಾಫ್ ಸುಳ್ಳು ಹೇಳುತ್ತದೆ.

ಎಸ್‌ಎನ್‌ಎಂಪಿಯ ಹಳೆಯ ಆವೃತ್ತಿಗಳಲ್ಲಿ ಪಾಸ್‌ವರ್ಡಿನಂತೆ ಬಳಕೆಯಾಗುವ ‘ಪಬ್ಲಿಕ್’ ಎಂಬ ಕಮ್ಯುನಿಟಿ ಹೆಸರನ್ನು ಹಾಗೆಯೇ ಬಿಡುವುದೆಂದರೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ಬಿಟ್ಟಂತೆ. ನಿಮ್ಮದು ಜನರ ಹಣದ ವ್ಯವಹಾರ. ಎಸ್‌ಎನ್‌ಎಂಪಿಯ ಮೂರನೆಯ ಆವೃತ್ತಿಯನ್ನೇ ಬಳಸಿ, ಶಾಖೆಗಳ ನಡುವೆ ವಿಪಿಎನ್ ಇರಲಿ.

ನಮ್ಮೂರಲ್ಲಿ ಅಸಲಿ ಶತ್ರು ಸಿಡಿಲು; ಅದರಿಂದ ನೆಟ್ಟೂ ಹೋಗಬಹುದು, ಕರೆಂಟೂ ಹೋಗಬಹುದು. ಯುಪಿಎಸ್‌ಗೂ ಎಸ್‌ಎನ್‌ಎಂಪಿ ಕಾರ್ಡ್ ಹಾಕಿಸಿದರೆ ಹೋದದ್ದು ನೆಟ್ಟೋ ಕರೆಂಟೋ ಎಂದು ಕೂತಲ್ಲೇ ಗೊತ್ತಾಗುತ್ತದೆ. ಎಚ್ಚರಿಕೆಯ ಸಂದೇಶ ಕಳಿಸಲು ಬೇರೆ ಸಿಮ್ ಇಡಿ. ಬಿದ್ದ ನೆಟ್ಟಿನಿಂದಲೇ ಸುದ್ದಿ ಬರುವುದಿಲ್ಲವಲ್ಲ!

ಫೈರ್‌ವಾಲ್ ಮತ್ತು ಬ್ಯಾಂಕಿಂಗ್ ಸರ್ವರನ್ನು ನೀವೇ ಮುಟ್ಟಬೇಡಿ. ಅದಕ್ಕೆ ನೆಟ್‌ವರ್ಕ್ ಎಂಜಿನಿಯರನ್ನು ಕರೆಸಿ. ಅರ್ತಿಂಗನ್ನು ಮಳೆಗಾಲದ ಮೊದಲೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಪರೀಕ್ಷೆ ಮಾಡಿಸಿ.